ಸಿಡಿಎಂಎ ಜಗಳವನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ

ನಮಸ್ಕಾರ,

ಟೆಲಿಕಾಂ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಂಡ ಕಾಲದ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ತುಂಬ ಒಳ್ಳೆಯದು, ಕೈಬಿಡಬೇಡಿ.

ಗ್ರಹಾಂ ಬೆಲ್‌ನಿಂದ ಶುರುಮಾಡಿ 1994ರ ಟೆಲಿಕಾಂ ನೀತಿಗೆ ಬರುವಷ್ಟರಲ್ಲಿ ಅರ್ಧ ಲೇಖನವೇ ಮುಗಿದಿದೆ. ಅಷ್ಟೂ ತೆಗೆಯಿರಿ. ಆಮೇಲೆ "ಕಂಪನಿಗಳು ತಮಗೆ ಬೇಕಾದ ತಂತ್ರಜ್ಞಾನ ಆರಿಸಿಕೊಂಡವು" ಎಂದು ಬರೆದಿದ್ದೀರಿ, ಅದು ತಪ್ಪು. ಮೊದಲ ಮೊಬೈಲ್ ಲೈಸೆನ್ಸ್‌ಗಳಲ್ಲಿ ಜಿಎಸ್‌ಎಂ ಎಂಬ ಮೊಬೈಲ್ ತಂತ್ರಜ್ಞಾನವೇ ಇರಬೇಕು ಅಂತ ಸರ್ಕಾರವೇ ಹೇಳಿತ್ತು. ಟೆಂಡರಿನಲ್ಲಿ ಕಂಪನಿಗಳು ಲೈಸೆನ್ಸ್ ಶುಲ್ಕವಾಗಿ ಸಿಕ್ಕಾಪಟ್ಟೆ ಮೊತ್ತ ಬರೆದು, ಕಟ್ಟಲಾಗದೆ ಒದ್ದಾಡಿದವು. 1999ರ ಹೊಸ ನೀತಿ ಬಂದು, ಆದಾಯದಲ್ಲಿ ಪಾಲು ಕೊಟ್ಟರೆ ಸಾಕು ಎಂದ ಮೇಲೆಯೇ ಅವು ಚೇತರಿಸಿಕೊಂಡಿದ್ದು.

ನಿಜವಾದ ಕಥೆ ಇರುವುದು ನೀವು ಒಂದೇ ಸಾಲಿನಲ್ಲಿ ಮುಗಿಸಿರುವ ಸಿಡಿಎಂಎ ಜಗಳದಲ್ಲಿ. ಸಿಡಿಎಂಎ ಅಂದರೆ ಜಿಎಸ್‌ಎಂಗೆ ಪೈಪೋಟಿಯಾಗಿದ್ದ ಇನ್ನೊಂದು ತಂತ್ರಜ್ಞಾನ. ಮನೆಗೆ ಲ್ಯಾಂಡ್‌ಲೈನ್ ಕೊಡುವ ಲೈಸೆನ್ಸ್ ಇದ್ದವರು ಕೊನೆಯ ತುಂಡು ತಂತಿಯ ಬದಲು ರೇಡಿಯೋ ಸಂಪರ್ಕ ಬಳಸಬಹುದಿತ್ತು, ಅದೇ ಡಬ್ಲ್ಯೂಎಲ್‌ಎಲ್ (ವೈರ್‌ಲೆಸ್ ಲೋಕಲ್ ಲೂಪ್). ಅದಕ್ಕೆ ಹೆಚ್ಚಾಗಿ ಬಳಸಿದ್ದು ಸಿಡಿಎಂಎಯನ್ನೇ. ತಂತಿ ಇಲ್ಲ ಅಂದಮೇಲೆ ಫೋನನ್ನು ಜೇಬಿನಲ್ಲಿ ಇಟ್ಟುಕೊಂಡು ಹೊರಗೆ ಹೋಗಬಹುದು, ಅಲ್ವಾ? 2001ರಲ್ಲಿ ಸರ್ಕಾರ ಅದಕ್ಕೂ ಒಪ್ಪಿತು, ಆದರೆ ಸುಮಾರು ಒಂದು ತಾಲ್ಲೂಕಿನಷ್ಟು ಜಾಗದೊಳಗೆ ಮಾತ್ರ. ಜಿಎಸ್‌ಎಂ ಕಂಪನಿಗಳು ಸಿಟ್ಟಾದವು. ನಾವು ಜಾಸ್ತಿ ದುಡ್ಡು ಕೊಟ್ಟು ಪಡೆದ ಹಕ್ಕನ್ನು ಇವರು ಹಿಂಬಾಗಿಲಿನಿಂದ ಪಡೆಯುತ್ತಿದ್ದಾರೆ ಅನ್ನುವುದು ಅವರ ವಾದ. ಅದು ಟೆಲಿಕಾಂ ನ್ಯಾಯಮಂಡಳಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ 2003ರ ನವೆಂಬರ್‌ನಲ್ಲಿ ಲ್ಯಾಂಡ್‌ಲೈನ್, ಮೊಬೈಲ್ ಎರಡಕ್ಕೂ ಸೇರಿಸಿ ಏಕೀಕೃತ ಲೈಸೆನ್ಸ್ ತಂದರು. ಅಂದರೆ ತಂತ್ರಜ್ಞಾನ ಮುಂದೆ ಓಡಿತು, ನಿಯಮ ಅದರ ಹಿಂದೆ ಏದುಸಿರು ಬಿಡುತ್ತ ಬಂತು. ಇದನ್ನು ಎರಡು ಪುಟ ಬರೆಯಿರಿ, ಯಾರೂ ಬೇಡ ಅನ್ನುವುದಿಲ್ಲ.

ಇನ್ನೊಂದು ವಿಷಯ ಪೂರ್ತಿ ಬಿಟ್ಟುಹೋಗಿದೆ. 2004ರಲ್ಲಿ ಏರ್‌ಟೆಲ್ ನಡೆಸುವ ಭಾರ್ತಿ ಕಂಪನಿ ನೆಟ್‌ವರ್ಕ್ ಕೆಲಸವನ್ನು ಎರಿಕ್ಸನ್‌ಗೂ ಕಂಪ್ಯೂಟರ್ ವ್ಯವಸ್ಥೆಯನ್ನು ಐಬಿಎಂಗೂ ವಹಿಸಿತು. ಉಪಕರಣಕ್ಕೆ ಮೊದಲೇ ದುಡ್ಡು ಸುರಿಯುವ ಬದಲು ಬಳಸಿದ ಸಾಮರ್ಥ್ಯಕ್ಕೆ ತಕ್ಕಂತೆ ಕೊಡುವ ಒಪ್ಪಂದ ಅದು. ಹೊಸ ತಂತ್ರಜ್ಞಾನದ ಅಪಾಯವನ್ನು ಕಂಪನಿ ಯಾರ ಹೆಗಲಿಗೆ ದಾಟಿಸಿತು ಅಂತ ಓದುಗರಿಗೆ ತಿಳಿಯುವುದು ಇಲ್ಲಿಯೇ.

"ಕ್ರಾಂತಿ", "ಹೊಸ ಯುಗ" ಇವೆಲ್ಲ ಸುಮ್ನೆ ಜಾಗ ತಿನ್ನುತ್ತಿವೆ, ತೆಗೆದುಹಾಕಿ. ಆಗ ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದವರು, ಸಿಮ್ ಮಾರುತ್ತಿದ್ದವರು ನಿಮ್ಮ ಊರಿನಲ್ಲೇ ಸಿಗಬಹುದು. ಕೂತು ಮಾತಾಡಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಸೇರಿಸಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ.