ಬಿದ್ದ ಗಾಯವೋ, ಬಡಿದ ಗಾಯವೋ?

ಅಮೆರಿಕದಲ್ಲಿರುವ ಓದುಗರು ಈ ಸಲ ಮಕ್ಕಳ ಗಾಯದ ಬಗ್ಗೆ, ಸಿಪಿಎಸ್ ಬಗ್ಗೆ ಜಾಸ್ತಿ ಬರೆದಿದ್ದಾರೆ. ಸಿಪಿಎಸ್ ಅಂದರೆ ಚೈಲ್ಡ್ ಪ್ರೊಟೆಕ್ಟಿವ್ ಸರ್ವಿಸಸ್, ಅಲ್ಲಿನ ಸರ್ಕಾರದ ಮಕ್ಕಳ ರಕ್ಷಣಾ ಇಲಾಖೆ. ಹೆಸರು ಕೇಳಿದರೇ ಎದೆ ಢವಢವ ಅನ್ನುವವರು ಇದ್ದಾರೆ, ಗೊತ್ತು. ನಾನು ಮಕ್ಕಳ ಡಾಕ್ಟರು, ವಕೀಲಳಲ್ಲ. ಹಾಗಾಗಿ ಗಾಯದ ಬಗ್ಗೆ ಧೈರ್ಯವಾಗಿ ಮಾತಾಡುತ್ತೇನೆ, ಕಾನೂನಿನ ಬಗ್ಗೆ ನನ್ನ ಕೆಲಸಕ್ಕೆ ಬೇಕಾದಷ್ಟು ಮಾತ್ರ.

ಪ್ರಶ್ನೆ: ನಮ್ಮ ಮಗುವಿಗೆ ಮೂರು ತಿಂಗಳು. ಕೆನ್ನೆ ಮೇಲೆ ಒಂದು ಸಣ್ಣ ನೀಲಿ ಗುರುತು ಬಂದಿತ್ತು, ಆಟಿಕೆಗೆ ಮುಖ ಒತ್ತಿಕೊಂಡು ಮಲಗಿದ್ದರಿಂದ ಇರಬೇಕು ಅಂದುಕೊಂಡೆವು. ಡಾಕ್ಟರ ಹತ್ತಿರ ಹೋದಾಗ ನನ್ನನ್ನೂ ನನ್ನ ಗಂಡನನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. ಮಗುವಿನ ಮೈಯೆಲ್ಲ ಎಕ್ಸ್‌ರೇ, ರಕ್ತ ಪರೀಕ್ಷೆ, ಕೊನೆಗೆ ಸಿಪಿಎಸ್‌ಗೂ ಫೋನ್. ಯಾವುದರಲ್ಲೂ ಏನೂ ಸಿಗಲಿಲ್ಲ. ಇಷ್ಟು ಚಿಕ್ಕ ಗುರುತಿಗೆ ನಮ್ಮನ್ನು ಕಳ್ಳರ ಹಾಗೆ ನೋಡಿದ್ದು ಸರಿಯಾ?
— ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ನಿಮಗೆ ನೋವಾಗಿದೆ, ಆಗಲೇಬೇಕು. ಆದರೆ ಆ ಡಾಕ್ಟರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ. ಯಾಕೆ ಅಂತ ಹೇಳುತ್ತೇನೆ, ಕೋಪ ಮಾಡಿಕೊಳ್ಳದೆ ಓದಿ.

ಗಾಯ ಎಷ್ಟು ದೊಡ್ಡದು ಅನ್ನುವುದು ನಮಗೆ ಮುಖ್ಯವಲ್ಲ. ಮಗುವಿನ ವಯಸ್ಸು, ಗಾಯ ಆಗಿರುವ ಜಾಗ, ಮನೆಯವರು ಹೇಳುವ ಕಥೆ, ಈ ಮೂರೂ ಒಂದಕ್ಕೊಂದು ಹೊಂದುತ್ತವಾ ಅನ್ನುವುದು ಮುಖ್ಯ. ಐದು ವರ್ಷದ ಹುಡುಗ ಕೈ ಮುರಿದುಕೊಂಡು ಬಂದು "ಜಾರುಬಂಡೆಯಿಂದ ಬಿದ್ದೆ" ಅಂದರೆ ನಾವು ಪಟ್ಟಿ ಹಾಕಿ ಕಳಿಸುತ್ತೇವೆ, ಅಷ್ಟೇ. ಮೂರು ತಿಂಗಳ ಮಗುವಿನ ಮೈಮೇಲೆ ಸಣ್ಣದೊಂದು ನೀಲಿ ಗುರುತು ಕಂಡರೆ ನಿದ್ದೆ ಬರುವುದಿಲ್ಲ. ಯಾಕೆಂದರೆ ಆ ಮಗು ಮಗ್ಗುಲಾಗುವುದಿಲ್ಲ, ತೆವಳುವುದಿಲ್ಲ, ಏನನ್ನೂ ಹಿಡಿದು ನಿಲ್ಲುವುದಿಲ್ಲ. ತನ್ನನ್ನು ತಾನೇ ಗಾಯ ಮಾಡಿಕೊಳ್ಳುವ ಶಕ್ತಿಯೇ ಅದಕ್ಕೆ ಇನ್ನೂ ಬಂದಿಲ್ಲ, ಅಲ್ವಾ?

ಇದಕ್ಕೆ ಒಂದು ಸೂತ್ರ ಇದೆ. ಮೇರಿ ಕ್ಲೈಡ್ ಪಿಯರ್ಸ್ ಅನ್ನುವ ವೈದ್ಯೆ ಮತ್ತು ಅವರ ಜೊತೆಯವರು 2010ರಲ್ಲಿ ಮಾಡಿದ್ದು, ಆಮೇಲೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2021ರಲ್ಲಿ ಇನ್ನಷ್ಟು ತಿದ್ದಿದ್ದು. ನಾಲ್ಕು ವರ್ಷದೊಳಗಿನ ಮಗುವಿಗೆ ಎದೆ, ಹೊಟ್ಟೆ, ಬೆನ್ನು, ಕಿವಿ ಅಥವಾ ಕುತ್ತಿಗೆ ನೀಲಿಗಟ್ಟಿದ್ದರೆ ಎಚ್ಚರ. ಮೆದುವಾದ ಕೆನ್ನೆ, ದವಡೆಯ ಮೂಲೆ, ರೆಪ್ಪೆ, ಕಣ್ಣಿನ ಬಿಳಿಭಾಗದಲ್ಲಿ ರಕ್ತ, ತುಟಿಯೊಳಗಿನ ಎಳೆ ಹರಿದಿರುವುದು, ಕೈಬೆರಳಿನದೋ ಬೆಲ್ಟಿನದೋ ಅಚ್ಚು ಮೂಡಿರುವುದು, ಇವುಗಳಿಗೂ ಎಚ್ಚರ. ಇನ್ನು ಐದು ತಿಂಗಳು ತುಂಬದ ಕೂಸಿಗಾದರೆ ಮೈಮೇಲೆ ಎಲ್ಲೇ ಇರಲಿ, ಒಂದೇ ಇರಲಿ, ಎಚ್ಚರ. ನಿಮ್ಮ ಮಗು ವಯಸ್ಸಿನಲ್ಲೂ ಸಿಕ್ಕಿಕೊಂಡಿತು, ಕೆನ್ನೆಯಲ್ಲೂ ಸಿಕ್ಕಿಕೊಂಡಿತು.

ಈ ಸೂತ್ರ ತೀರ್ಪಲ್ಲ. ಅದೇ ಅಧ್ಯಯನದಲ್ಲಿ ನಿಜವಾಗಿಯೂ ಆಕಸ್ಮಿಕವಾಗಿ ಪೆಟ್ಟಾದ ಮಕ್ಕಳಲ್ಲೂ ನೂರಕ್ಕೆ ಸುಮಾರು 13 ಮಂದಿ ಇದರ ಬಲೆಗೆ ಬಿದ್ದಿದ್ದರು. ನೀವು ಆ ಹದಿಮೂರರಲ್ಲಿ ಇರಬಹುದು. ಅದಕ್ಕೇ ರಕ್ತ ಪರೀಕ್ಷೆ ಮಾಡುವುದು, ಹಿಮೋಫಿಲಿಯಾದಂಥ ರಕ್ತದ ಕಾಯಿಲೆ ಇದ್ದರೆ ಗೊತ್ತಾಗಲಿ ಅಂತ. ಎರಡು ವರ್ಷದೊಳಗಿನ ಮಕ್ಕಳಿಗೆ ಮೈಯೆಲ್ಲ ಎಕ್ಸ್‌ರೇ ಯಾಕೆಂದರೆ ಪಕ್ಕೆಲುಬು ಬಿರುಕು ಬಿಟ್ಟಿದ್ದರೂ ಹೊರಗೆ ಏನೂ ಕಾಣುವುದಿಲ್ಲ, ಹೊಸ ಬಿರುಕು ಎಷ್ಟೋ ಸಲ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಎರಡು ವಾರ ಬಿಟ್ಟು ಇನ್ನೊಮ್ಮೆ ಕರೆಯುತ್ತಾರೆ, ಮೂಳೆ ಕೂಡುತ್ತಿದ್ದರೆ ಆಗ ಕಾಣುತ್ತದೆ. ನಿಮ್ಮನ್ನೂ ಕರೆದರೆ ದಯವಿಟ್ಟು ಹೋಗಿ.

ನನ್ನದೇ ಒಂದು ಮಾತು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಎಳೆಗೂಸಿನ ತುಟಿಯೊಳಗಿನ ಎಳೆ ಹರಿದಿತ್ತು. ಹಾಲಿನ ಬಾಟಲಿ ತಾಗಿತು ಅಂದರು. ಓದಿಕೊಂಡವರು, ನಯವಾದ ಮಾತು, ನಾನು ನಂಬಿ ಕಳಿಸಿದೆ. ಮೂರು ವಾರದ ಮೇಲೆ ಅದೇ ಮಗು ಪಕ್ಕೆಲುಬು ಮುರಿದುಕೊಂಡು ವಾಪಸ್ ಬಂತು. ಆ ಮೇಲೆ ನಾನು ಯಾರ ಮಾತಿನ ನಯವನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಪ್ರಶ್ನೆ: ನನ್ನ ಆರು ವರ್ಷದ ಮಗನ ಮೊಣಕಾಲು, ಮುಂಗಾಲು ಯಾವಾಗಲೂ ನೀಲಿ ನೀಲಿ. ಹಣೆಯಲ್ಲಿ ವಾರಕ್ಕೊಂದು ಬುಗುಟು. ಶಾಲೆಯವರು ರಿಪೋರ್ಟ್ ಮಾಡಿಬಿಡುತ್ತಾರಾ?
— ಚಿಂತೆಯಲ್ಲಿರುವ ಅಪ್ಪ

ಉತ್ತರ: ಇಲ್ಲ ಸ್ವಾಮಿ, ನಿಮ್ಮ ಮಗ ಓಡಾಡಿಕೊಂಡಿದ್ದಾನೆ ಅಂತ ಅರ್ಥ. ಓಡುವ ಮಗು ಮುಂದಕ್ಕೆ ಬೀಳುತ್ತದೆ, ಮೂಳೆ ಚರ್ಮಕ್ಕೆ ಹತ್ತಿರ ಇರುವ ಕಡೆ ಪೆಟ್ಟಾಗುತ್ತದೆ. ಮುಂಗಾಲು, ಮೊಣಕಾಲು, ಮೊಣಕೈ, ಹಣೆ, ಗದ್ದ. ತಟ್ಟಿದ ಕಡೆಯೆಲ್ಲ, ತಟ್ಟದಿದ್ದ ಕಡೆಯೂ ನೀಲಿಗಟ್ಟುತ್ತಿದ್ದರೆ, ಅಥವಾ ಮೂಗಿನಿಂದ, ವಸಡಿನಿಂದ ರಕ್ತ ಬರುತ್ತಿದ್ದರೆ ಸಿಪಿಎಸ್ ಚಿಂತೆ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹುಟ್ಟಿದಾಗಿನಿಂದ ನಮ್ಮ ಮಗಳ ಬೆನ್ನಿನ ಕೆಳಗೆ, ಕುಂಡೆಯ ಮೇಲೆ ಬೂದು ನೀಲಿ ಮಚ್ಚೆ ಇದೆ. ಹೊಸ ಡೇಕೇರ್‌ನಲ್ಲಿ ಡಯಾಪರ್ ಬದಲಿಸಿದವರು ಅದನ್ನು ನೋಡಿ ಗಾಬರಿಯಾಗಿ ನನ್ನನ್ನು ಕರೆಸಿದರು. ಏನು ಮಾಡಲಿ?
— ಓದುಗಿ, ಇಲಿನಾಯ್

ಉತ್ತರ: ನಮ್ಮ ಕಡೆಯ ಮಕ್ಕಳಿಗೆ ಇದು ಎಷ್ಟು ಸಾಮಾನ್ಯ ಅಂದರೆ ನಮ್ಮಜ್ಜಿಯರು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬಣ್ಣ ಕೊಡುವ ಜೀವಕೋಶಗಳು ಚರ್ಮದ ಒಳಪದರದಲ್ಲಿ ಉಳಿದುಕೊಂಡು ಹೀಗೆ ಕಾಣುತ್ತದೆ. ಏಷ್ಯಾ, ಆಫ್ರಿಕಾ ಮೂಲದ ಮಕ್ಕಳಲ್ಲಿ ಜಾಸ್ತಿ, ಬಿಳಿಯರಲ್ಲಿ ಕಡಿಮೆ. ನೋಡಿ ಅಭ್ಯಾಸವಿಲ್ಲದವರಿಗೆ ಹೊಡೆದ ಗುರುತಿನ ಹಾಗೇ ಕಾಣುತ್ತದೆ, ಅವರ ತಪ್ಪಿಲ್ಲ. ಗುರುತಿಸುವುದು ಸುಲಭ. ಪೆಟ್ಟಿನ ಗುರುತು ಮುಟ್ಟಿದರೆ ನೋಯುತ್ತದೆ, ದಿನದಿನಕ್ಕೆ ಬಣ್ಣ ಬದಲಾಗಿ ವಾರ ಎರಡು ವಾರದಲ್ಲಿ ಹೋಗುತ್ತದೆ. ಈ ಮಚ್ಚೆ ನೋಯುವುದಿಲ್ಲ, ತಿಂಗಳಾದರೂ ಹಾಗೇ ಇರುತ್ತದೆ, ವರ್ಷಗಳು ಕಳೆದ ಹಾಗೆ ತಾನಾಗಿ ಮಾಸುತ್ತದೆ.

ಮಾಡಬೇಕಾದ್ದು ಒಂದೇ. ಮಗುವಿನ ಡಾಕ್ಟರಿಗೆ ಹೇಳಿ ಮಚ್ಚೆ ಎಲ್ಲೆಲ್ಲಿದೆ, ಎಷ್ಟಗಲ ಅಂತ ಫೈಲಿನಲ್ಲಿ ಬರೆಸಿ, ಅದರ ಒಂದು ಪ್ರತಿ ಡೇಕೇರ್‌ಗೆ ಕೊಡಿ. ಈಗಷ್ಟೇ ಹೆರಿಗೆಯಾದವರು ಆಸ್ಪತ್ರೆಯಲ್ಲೇ ಬರೆಸಿಕೊಳ್ಳಿ.

ಇದೇ ಸಾಲಿನಲ್ಲಿ ಇನ್ನೊಂದು. ಹುಷಾರಿಲ್ಲದ ಕೂಸಿಗೆ ಬರೆ ಎಳೆಯುವುದು ಊರ ಕಡೆ ಇನ್ನೂ ಪೂರ್ತಿ ನಿಂತಿಲ್ಲ. ಅಲ್ಲಿ ಅದು ಔಷಧಿ ಅನ್ನಿಸಿಕೊಳ್ಳಬಹುದು, ಅಮೆರಿಕದಲ್ಲಿ ಸುಟ್ಟ ಗಾಯ. ಡಾಕ್ಟರು ರಿಪೋರ್ಟ್ ಮಾಡಿಯೇ ಮಾಡುತ್ತಾರೆ, ನಾನೂ ಮಾಡುತ್ತೇನೆ. ಊರಿನಿಂದ ಬಂದ ಹಿರಿಯರಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಒಂದು ಪ್ರೀಸ್ಕೂಲಿನಲ್ಲಿ ಸಹಾಯಕ ಟೀಚರ್. ನಾಲ್ಕು ವರ್ಷದ ಒಂದು ಹುಡುಗನ ಬೆನ್ನಿನಲ್ಲಿ ಉದ್ದುದ್ದ ಬಾಸುಂಡೆ ನೋಡಿದೆ. "ಬಿದ್ದೆ" ಅಂದ. ಮಾರನೇ ದಿನ ಅವನ ಅಮ್ಮ "ಅಣ್ಣ ತಳ್ಳಿದ" ಅಂದರು. ನಮ್ಮ ಡೈರೆಕ್ಟರ್‌ಗೆ ಹೇಳಿದೆ. "ಒಳ್ಳೆ ಮನೆಯವರು, ಸುಮ್ನೆ ಇರು, ಸ್ವಲ್ಪ ದಿನ ನೋಡೋಣ" ಅಂದರು. ನನ್ನ ಕರ್ತವ್ಯ ಮುಗಿಯಿತಾ? ತಪ್ಪಾಗಿದ್ದರೆ ನನ್ನ ಮೇಲೆ ಕೇಸ್ ಹಾಕುತ್ತಾರಾ?
— ಹೆಸರು ಬೇಡ

ಉತ್ತರ: ಮುಗಿದಿಲ್ಲ. ಈ ಉತ್ತರ ಓದುವ ಹೊತ್ತಿಗೆ ನೀವು ಸಿಪಿಎಸ್‌ಗೆ ಫೋನ್ ಮಾಡಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಪತ್ರಿಕೆ ಕೆಳಗಿಟ್ಟು ಈಗಲೇ ಮಾಡಿ.

ಬಿದ್ದರೆ ಬೆನ್ನಿನಲ್ಲಿ ಉದ್ದುದ್ದ ಬಾಸುಂಡೆ ಏಳುವುದಿಲ್ಲ. ಅದು ಯಾವುದೋ ವಸ್ತುವಿನ ಅಚ್ಚು. ಅದರ ಮೇಲೆ ಕಥೆ ಬೇರೆ ಬದಲಾಗಿದೆ, ಮಗು ಒಂದು ಹೇಳಿತು, ಅಮ್ಮ ಇನ್ನೊಂದು ಹೇಳಿದರು. ಕಾನೂನು ನಿಮ್ಮಿಂದ ಸಾಕ್ಷಿ ಕೇಳುವುದಿಲ್ಲ, ಅನುಮಾನಕ್ಕೆ ತಕ್ಕ ಕಾರಣ ಇದ್ದರೆ ಸಾಕು. ಯಾರು ಹೊಡೆದರು, ಯಾಕೆ ಹೊಡೆದರು, ನಿಜವಾಗಲೂ ಹೊಡೆದರಾ, ಇದನ್ನೆಲ್ಲ ಪತ್ತೆ ಮಾಡುವುದು ಸಿಪಿಎಸ್‌ನವರ ಕೆಲಸ. ನೀವು ಹುಡುಗನನ್ನು ಕೂರಿಸಿಕೊಂಡು ಕೆದಕಿ ಕೆದಕಿ ಕೇಳಬೇಡಿ. "ಅಪ್ಪ ಹೊಡೆದನಾ?" ಅಂತ ನಾವೇ ಉತ್ತರ ಬಾಯಿಗಿಟ್ಟರೆ ಮುಂದೆ ಅವನ ಮಾತಿಗೆ ಬೆಲೆ ಹೋಗುತ್ತದೆ. ಅವನು ತಾನಾಗಿ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದಿಡಿ, ತಾರೀಕು ಸಮೇತ.

ಕ್ಯಾಲಿಫೋರ್ನಿಯಾದಲ್ಲಿ ಟೀಚರ್, ಸಹಾಯಕ ಟೀಚರ್, ಡಾಕ್ಟರ್, ನರ್ಸ್ ಎಲ್ಲರೂ ಕಡ್ಡಾಯವಾಗಿ ವರದಿ ಮಾಡಬೇಕಾದವರು. ತಕ್ಷಣ ಫೋನ್, 36 ಗಂಟೆಯೊಳಗೆ ಬರಹದಲ್ಲಿ ವರದಿ. ಮೇಲಿನವರಿಗೆ ಹೇಳಿದೆ ಅಂದರೆ ಲೆಕ್ಕಕ್ಕೆ ಬರುವುದಿಲ್ಲ, ನಿಮ್ಮ ಡೈರೆಕ್ಟರ್ ನಿಮ್ಮನ್ನು ತಡೆಯುವ ಹಾಗೂ ಇಲ್ಲ. ಮಾಡದೇ ಬಿಟ್ಟರೆ ಆರು ತಿಂಗಳವರೆಗೆ ಜೈಲು, ಅಥವಾ 1,000 ಡಾಲರ್‌ವರೆಗೆ ದಂಡ, ಅಥವಾ ಎರಡೂ. ಮಾಡಿದರೆ ನಿಮಗೆ ಕಾನೂನಿನ ರಕ್ಷಣೆ ಇದೆ, ಹೆಸರನ್ನೂ ಗುಟ್ಟಾಗಿ ಇಡುತ್ತಾರೆ. ನ್ಯೂಜೆರ್ಸಿ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಂತೂ ಟೀಚರೇ ಆಗಬೇಕೆಂದಿಲ್ಲ, ಅನುಮಾನ ಬಂದ ಪ್ರತಿಯೊಬ್ಬರೂ ತಿಳಿಸಲೇಬೇಕು.

"ಒಳ್ಳೆ ಮನೆಯವರು" ಅನ್ನುವ ಮಾತಿಗೆ ಹಳೇ ಇತಿಹಾಸ ಇದೆ. 1962ಕ್ಕಿಂತ ಮುಂಚೆ ಡಾಕ್ಟರುಗಳೂ ಇದನ್ನೇ ಅನ್ನುತ್ತಿದ್ದರು. ಎಕ್ಸ್‌ರೇಯಲ್ಲಿ ಹಳೆಯದು ಹೊಸದು ಮುರಿತ ಕಾಣುತ್ತಿದ್ದರೂ ಹೆತ್ತವರು ಹೀಗೆ ಮಾಡಿಯಾರೆ ಅಂತ ಬೇರೆ ಕಾರಣ ಹುಡುಕುತ್ತಿದ್ದರು. ಆ ವರ್ಷ ಡೆನ್ವರಿನ ಮಕ್ಕಳ ಡಾಕ್ಟರು ಹೆನ್ರಿ ಕೆಂಪ್ ಮತ್ತು ಜೊತೆಯವರು ಇದಕ್ಕೊಂದು ಹೆಸರಿಟ್ಟು ಬರೆದ ಮೇಲೆ ಐದೇ ವರ್ಷದಲ್ಲಿ ಅಲ್ಲಿನ ಎಲ್ಲ ರಾಜ್ಯಗಳೂ ವರದಿ ಮಾಡುವ ಕಾನೂನು ತಂದವು.

ನೀವು ಫೋನ್ ಮಾಡಿದ ಮಾತ್ರಕ್ಕೆ ಆ ಹುಡುಗನನ್ನು ಮನೆಯಿಂದ ಎತ್ತಿಕೊಂಡು ಹೋಗಿಬಿಡುವುದಿಲ್ಲ. ದೇಶದಲ್ಲಿ ಇಂಥ ಕರೆಗಳಲ್ಲಿ ಸುಮಾರು ಅರ್ಧ ತನಿಖೆವರೆಗೆ ಹೋಗುವುದೇ ಇಲ್ಲ, ತನಿಖೆಯಾದ ಎಷ್ಟೋ ಮಕ್ಕಳು ಮನೆಯಲ್ಲೇ ಇರುತ್ತಾರೆ.

ಪ್ರಶ್ನೆ: ನನ್ನ ಅಕ್ಕ ಭಾವ ಟೆಕ್ಸಾಸ್‌ನಲ್ಲಿದ್ದಾರೆ. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಒಂಬತ್ತು ವರ್ಷದ ಮಗನಿಗೆ ಓದಿಲ್ಲ ಅಂತ ಭಾವ ಬೆಲ್ಟಿನಲ್ಲಿ ಹೊಡೆಯುತ್ತಾರೆ. ತೊಡೆಯಲ್ಲಿ ಗುರುತು ನೋಡಿದೆ. ಅಕ್ಕ "ನಮ್ಮಪ್ಪ ಹೊಡೆದಿರಲಿಲ್ವಾ, ನಾವು ಹಾಳಾದ್ವಾ?" ಅಂತಾಳೆ. ರಿಪೋರ್ಟ್ ಮಾಡಿದರೆ ವೀಸಾ ಹೋಗುತ್ತದೆ, ಸಂಬಂಧವೂ ಹೋಗುತ್ತದೆ.
— ತಂಗಿ

ಉತ್ತರ: ಈ ಪತ್ರವನ್ನು ಮೂರು ಸಲ ಓದಿದೆ.

ಅಮೆರಿಕದಲ್ಲಿ ತಂದೆ ತಾಯಿ ಮಗುವಿಗೆ ಒಂದೇಟು ಕೊಡುವುದೇ ಅಪರಾಧ ಅಂತ ನಮ್ಮವರಲ್ಲಿ ಒಂದು ನಂಬಿಕೆ ಇದೆ, ಅದು ತಪ್ಪು. ಮಿತಿಯೊಳಗಿನ ಶಿಕ್ಷೆಗೆ ಎಲ್ಲ ರಾಜ್ಯಗಳ ಕಾನೂನಿನಲ್ಲೂ ಜಾಗ ಇದೆ. ಕೊಡಬೇಕು ಅಂತ ನಾನು ಹೇಳುತ್ತಿಲ್ಲ, ಕೊಡಬಾರದು ಅಂತಲೇ ನನ್ನ ಅಭಿಪ್ರಾಯ. ಆದರೆ ಬೆಲ್ಟು, ಅದೂ ಗುರುತು ಉಳಿಯುವ ಹಾಗೆ, ಅದೂ ಪದೇ ಪದೇ ಅಂದರೆ ಮಿತಿಯ ಮಾತೇ ಬರುವುದಿಲ್ಲ. ಬಾಗಿದ ಗೆರೆ, ಜೋಡಿ ಗೆರೆ, ಬಕಲ್‌ನ ಅಚ್ಚು ಮೈಮೇಲೆ ಕಂಡರೆ ಯಾವ ನರ್ಸ್ ಕೂಡ ಎರಡನೇ ಸಲ ಯೋಚಿಸುವುದಿಲ್ಲ. ನೀವು ಹೇಳದಿದ್ದರೆ ಶಾಲೆಯವರು ನೋಡುತ್ತಾರೆ, ಆಗ ಮಾತಾಡಲು ಅಕ್ಕನಿಗೆ ಸಮಯವೂ ಇರುವುದಿಲ್ಲ.

ವೀಸಾ ಬಗ್ಗೆ: ವರದಿ ಬೇರೆ, ಕ್ರಿಮಿನಲ್ ಶಿಕ್ಷೆ ಬೇರೆ. ಸಿಪಿಎಸ್‌ಗೆ ಫೋನ್ ಹೋದ ಮಾತ್ರಕ್ಕೆ ಯಾರನ್ನೂ ದೇಶದಿಂದ ಕಳಿಸುವುದಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಅಪರಾಧ ಕೋರ್ಟಿನಲ್ಲಿ ಸಾಬೀತಾಗಿ ಶಿಕ್ಷೆಯಾದರೆ ಆಗ ವಲಸೆ ಕಾನೂನು ಎದ್ದು ಬರುತ್ತದೆ. ಹಾಗಾಗಿ ಭಾವನನ್ನು ಉಳಿಸುವ ದಾರಿ ಬೆಲ್ಟು ಇವತ್ತೇ ನಿಲ್ಲುವುದು, ಮುಚ್ಚಿಡುವುದಲ್ಲ. ಸಿಪಿಎಸ್‌ನವರು ಬಂದರೆ ಕನ್ನಡದ ದುಭಾಷಿಯನ್ನು ಕೇಳಬಹುದು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮಗನನ್ನೇ ದುಭಾಷಿ ಮಾಡಿಕೊಳ್ಳಬೇಡಿ ಅನ್ನಿ. ಒಬ್ಬ ವಕೀಲರನ್ನೂ ನೋಡಲಿ.

ಅಕ್ಕನ ಪ್ರಶ್ನೆಗೆ ನನ್ನ ಹತ್ತಿರ ಚುರುಕಾದ ಉತ್ತರ ಇಲ್ಲ. ನಮ್ಮಪ್ಪನೂ ಹೊಡೆದಿದ್ದರು. ಹಾಳಾಗಲಿಲ್ಲ ಅನ್ನುವುದು ನಿಜ, ಆದರೆ ಅವರ ಬೈಕ್ ಸದ್ದು ಕೇಳಿದಾಗ ಪುಸ್ತಕ ಹಿಡಿದು ನಡುಗುತ್ತಿದ್ದುದು ಐವತ್ತು ದಾಟಿದರೂ ನೆನಪಿದೆ, ಆ ಪುಸ್ತಕದಲ್ಲಿ ಏನಿತ್ತು ಅನ್ನುವುದು ನೆನಪಿಲ್ಲ.

ಟೆಕ್ಸಾಸ್‌ನಲ್ಲಿ ಎಲ್ಲರಿಗೂ ವರದಿ ಕಡ್ಡಾಯ ಅಂತ ಮೇಲೆ ಬರೆದಿದ್ದೇನೆ, ನೀವು ನೋಡಿದ್ದು ಅಲ್ಲಿಯೇ. ಆ ಗುರುತು ನೋಡಿದ ಮೇಲೂ ಅಕ್ಕನ ಜೊತೆ ಮಾತಾಡುವುದು ಒಂದೇ ಸಾಕು ಅಂತ ನಾನು ಹೇಳಲಾರೆ. ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಚೈಲ್ಡ್‌ಹೆಲ್ಪ್ ಸಂಸ್ಥೆಯ ಸಹಾಯವಾಣಿ 1-800-422-4453, ಹಗಲು ರಾತ್ರಿ ಇರುತ್ತದೆ. ಹೆಸರು ಹೇಳದೆ ಮಾತಾಡಬಹುದು. ಹೇಗೆ, ಎಲ್ಲಿಗೆ ತಿಳಿಸಬೇಕು ಅಂತ ಅವರೇ ಹೇಳುತ್ತಾರೆ. ಇವತ್ತೇ ಮಾಡಿ. ಅಕ್ಕ ಕೆಲವು ತಿಂಗಳು ಮಾತು ಬಿಡಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ.