ಶ್ರವಣಬೆಳಗೊಳ, ಹಳೇಬೀಡು ಎರಡನ್ನೂ ಒಂದೇ ದಿನ ತೋರಿಸಿ

ಮೇಡಂ, ಹಾಸನದಲ್ಲಿ ಮೊದಲ ವರ್ಷದ ಡಿಗ್ರಿಗೆ ಭೂವಿಜ್ಞಾನ ಶುರುವಾಗಿದೆ, ಅರ್ಧ ತರಗತಿ ಇತಿಹಾಸದ ಮಕ್ಕಳು, ಒಂದು ದಿನದ ಪ್ರವಾಸ ಎಲ್ಲಿಗೆ ಅಂತ ಕೇಳಿದ್ದೀರಿ. ಗಣಿ ಹುಡುಕಿಕೊಂಡು ಹೋಗಬೇಡಿ. ಬೆಳಿಗ್ಗೆ ಶ್ರವಣಬೆಳಗೊಳ, ಮಧ್ಯಾಹ್ನ ಹಳೇಬೀಡು.

ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟ ಪೂರ್ತಿ ಗ್ರಾನೈಟ್. ಹೆಸರು ಮೊದಲೇ ಹೇಳಬೇಡಿ, ಬಂಡೆಗೆ ಮುಖ ತಾಗಿಸಿ ನೋಡಲು ಬಿಡಿ. ಗಾಜಿನ ಚೂರಿನ ಹಾಗೆ ಕಾಣೋದು ಬೆಣಚು, ಚಪ್ಪಟೆಯಾಗಿ ಹೊಳೆಯೋದು ಫೆಲ್ಡ್‌ಸ್ಪಾರ್. ಬೆಣಚಿನ ಗಡಸುತನ ಮೋಸ್ ಅಳತೆಯಲ್ಲಿ (1 ಅತಿ ಮೆದು, 10 ಅತಿ ಗಟ್ಟಿ) 7, ಚಾಕುವಿಗೂ ಜಗ್ಗಲ್ಲ. ಇಂಥ ಕಲ್ಲಿನಲ್ಲಿ 57 ಅಡಿಯ ಗೊಮ್ಮಟ! ಅದೂ 10ನೇ ಶತಮಾನದಲ್ಲಿ.

ಹಳೇಬೀಡಿನದು ಬಳಪದ ಕಲ್ಲು. ಅದರಲ್ಲಿರುವ ಟಾಲ್ಕ್ ಅನ್ನೋ ಖನಿಜದ ಗಡಸುತನ ಬರೀ 1, ಉಗುರಿನಿಂದ ಕೆರೆದರೇ ಗೀರು ಬೀಳುತ್ತದೆ. ಅದಕ್ಕೇ 12ನೇ ಶತಮಾನದ ಶಿಲ್ಪಿಗಳು ಸರದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಆಯಿತು. ಗೀರಿ ನೋಡಲು ಬೇರೆ ಕಲ್ಲಿನ ತುಂಡುಗಳನ್ನು ನೀವೇ ಒಯ್ಯಿರಿ. ಗುಡಿಯ ಕಲ್ಲಿಗೆ ಯಾರೂ ಉಗುರು ತಾಗಿಸಬಾರದು, ಇದನ್ನು ಬಸ್ಸಿನಲ್ಲೇ ಗಟ್ಟಿಯಾಗಿ ಹೇಳಿಬಿಡಿ.

ಆಮೇಲೆ ಇತಿಹಾಸದ ಒಬ್ಬರು, ವಿಜ್ಞಾನದ ಒಬ್ಬರು ಜೋಡಿಯಾಗಿ ಕೂರಲಿ. ಕಲ್ಲು ಅದಲು ಬದಲಾಗಿದ್ದರೆ ಈ ಎರಡೂ ಕೆಲಸ ಹೇಗಿರುತ್ತಿತ್ತು ಅಂತ ಒಂದು ಪುಟ ಬರೆಯಲಿ. ಪರೀಕ್ಷೆಗಿಂತ ಇದೇ ಜಾಸ್ತಿ ಕಲಿಸುತ್ತದೆ ಅನ್ನೋದು ನನ್ನ ನಂಬಿಕೆ.

ಬೆಟ್ಟವನ್ನು ಬರಿಗಾಲಲ್ಲಿ ಹತ್ತಬೇಕು, ಬಿಸಿಲೇರಿದರೆ ಬಂಡೆ ಕಾಲು ಸುಡುತ್ತದೆ. ಎಲ್ಲರಿಗೂ ಸಾಕ್ಸ್ ತರಲು ಹೇಳಿ, ಬೇಗ ಹೊರಡಿ.