ಓದುಗರ ಪ್ರಶ್ನೆ: ಕ್ಷಮಿಸಬೇಕು ಸರಿ, ಸುಮ್ಮನೇ ಇರಬೇಕಾ?

ಪ್ರಶ್ನೆ: ನಾನು ನಮ್ಮ ಸಭೆಯ ಕಾಯರ್‌ನಲ್ಲಿ ಹಾಡುತ್ತೇನೆ. ಅಲ್ಲಿ ಒಬ್ಬ ಹಿರಿಯ ಅಕ್ಕ ಇದ್ದಾರೆ, ಪ್ರಾಕ್ಟೀಸ್ ಇದ್ದಾಗಲೆಲ್ಲ ಏನಾದರೊಂದು ಕೊಂಕು ತೆಗೆಯುತ್ತಾರೆ. ಕಳೆದ ಕ್ರಿಸ್ಮಸ್‌ಗೆ ಕ್ಯಾರಲ್ಸ್ ಹಾಡಿಕೊಂಡು ಮನೆಮನೆಗೆ ಹೋಗಿದ್ದೆವು. ಒಬ್ಬರ ಮನೆಯಲ್ಲಿ ಎಲ್ಲರೂ ಕೇಕ್ ತಿನ್ನುತ್ತಾ ಕೂತಿದ್ದಾಗ "ಈಕಿಗೆ ಶ್ರುತಿನ ಇಲ್ಲ, ಮದಿವ್ಯಾಗಿ ಬಂದಾಕಿ, ನಮ್ಮ ಪದ್ಧತಿ ಎಲ್ಲಿ ಗೊತ್ತಿರತೈತಿ" ಅಂದರು. ಪಾಸ್ಟರಮ್ಮನಿಗೆ ಹೇಳಿಕೊಂಡರೆ "ಏಳೆಪ್ಪತ್ತು ಸಾರಿ ಕ್ಷಮಿಸಬೇಕಮ್ಮ, ಪ್ರಾರ್ಥನೆ ಮಾಡು" ಅನ್ನುತ್ತಾರೆ. ಮಾಡುತ್ತಲೇ ಇದ್ದೇನೆ. ಒಳಗೆ ಕುದಿಯುವುದು ಮಾತ್ರ ನಿಂತಿಲ್ಲ. — ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಸಹೋದರಿ, ಏಳೆಪ್ಪತ್ತು ಸಾರಿ ಅನ್ನುವ ಮಾತು ಬೈಬಲ್‌ನ ಮತ್ತಾಯ 18ನೇ ಅಧ್ಯಾಯದ 22ನೇ ವಚನದಲ್ಲಿದೆ. ಅದೇ ಪುಟದಲ್ಲಿ ಸ್ವಲ್ಪ ಮೇಲಕ್ಕೆ, 15ನೇ ವಚನ ಓದಿ. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗು, ನೀನೂ ಅವನೂ ಇಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತಿಳಿಸು ಅಂತಿದೆ. ಇದನ್ನೆಲ್ಲ ಕೇಳಿಸಿಕೊಂಡ ಮೇಲೆ ಯೇಸುವಿನ ಶಿಷ್ಯ ಪೇತ್ರ "ಹಾಗಾದರೆ ಎಷ್ಟು ಸಾರಿ ಕ್ಷಮಿಸಬೇಕು?" ಅಂತ ಕೇಳಿದ್ದು. ನಮ್ಮ ಸಭೆಗಳಲ್ಲಿ 22 ಎಲ್ಲರಿಗೂ ಬಾಯಿಪಾಠ, 15 ಯಾರಿಗೂ ಬೇಡ. ಆ ಒಬ್ಬರನ್ನು ಬಿಟ್ಟು ಉಳಿದ ಎಲ್ಲರಿಗೂ ಹೇಳುತ್ತೇವೆ, ಅದೂ "ಸ್ವಲ್ಪ ಪ್ರಾರ್ಥನೆಯಲ್ಲಿ ನೆನಪಿಸಿಕೊಳ್ಳಿ" ಅಂತ ಶುರು ಮಾಡಿ. ಪ್ರಾರ್ಥನೆ ವಿನಂತಿ ಹೆಸರಲ್ಲಿ ಆಗುವಷ್ಟು ಚಾಡಿ ಬೇರೆಲ್ಲೂ ಆಗುವುದಿಲ್ಲ, ಅಲ್ವಾ?

ಹೋಗಿ ಮಾತಾಡಿ. ಭಾನುವಾರ ಆರಾಧನೆ ಮುಗಿದು ಎಲ್ಲರೂ ಗೇಟಿನ ಹತ್ತಿರ ನಿಂತಿರುವಾಗ ಬೇಡ, ವಾಟ್ಸಾಪ್‌ನಲ್ಲಂತೂ ಬೇಡವೇ ಬೇಡ. ಒಂದು ಸಂಜೆ ಅವರ ಮನೆಗೇ ಹೋಗಿ, ಅವರು ಕೊಟ್ಟ ಚಹಾ ಕುಡಿದು, ಒಂದೇ ಒಂದು ವಿಷಯ ಹೇಳಿ. "ಅಕ್ಕಾ, ಆವತ್ತು ಕ್ಯಾರಲ್ಸ್‌ನಲ್ಲಿ ನೀವು ಅಂದ ಮಾತಿನಿಂದ ನನಗೆ ನೋವಾಯಿತು. ಶ್ರುತಿ ತಪ್ಪಿದರೆ ನನ್ನೊಬ್ಬಳನ್ನೇ ಕರೆದು ಹೇಳಿ, ತಿದ್ದಿಕೊಳ್ಳುತ್ತೇನೆ. ಎಲ್ಲರ ಎದುರು ಬೇಡ." ಅಷ್ಟೇ. ಹಿಂದಿನ ವರ್ಷಗಳ ಲೆಕ್ಕವನ್ನೆಲ್ಲ ಹೊರಗೆ ತೆಗೆಯಬೇಡಿ. "ಎಲ್ಲರೂ ನಿಮ್ಮ ಬಗ್ಗೆ ಹೀಗೇ ಅಂತಾರೆ" ಅನ್ನುವ ಮಾತು ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಹೋಗುವ ಮೊದಲು ಕಾಯರ್ ಮಾಸ್ಟರ್ ಹತ್ತಿರ ನಿಮ್ಮ ಶ್ರುತಿ ಬಗ್ಗೆ ಕೇಳಿಬಿಡಿ, ಅವರು ಹೌದು ಅಂದರೆ ಒಪ್ಪಿಕೊಳ್ಳಿ. ಹಾಗಿದ್ದರೂ ಬೇರೆಯವರ ಮನೆಯಲ್ಲಿ, ಕೈಯಲ್ಲಿ ಕೇಕ್ ತಟ್ಟೆ ಹಿಡಿದುಕೊಂಡು ಹೇಳುವ ಮಾತಲ್ಲ ಅದು.

ಹೊತ್ತು ನೋಡಿ ಮಾತಾಡುವುದನ್ನು ಅಬೀಗೈಲಳಿಂದ ಕಲಿಯಬೇಕು. 1 ಸಮುವೇಲ 25ರಲ್ಲಿ ಅವಳ ಗಂಡ ನಾಬಾಲ ಬರುತ್ತಾನೆ. 3000 ಕುರಿ, 1000 ಆಡು ಇದ್ದ ಸಾಹುಕಾರ, ಆದರೆ ಆತನ ಜೊತೆ ಮಾತಾಡುವುದಕ್ಕೇ ಆಗುವುದಿಲ್ಲ ಅಂತ ಮನೆಯ ಆಳೇ ಹೇಳುತ್ತಾನೆ. ಇಂಥವರು ನಮಗೂ ಗೊತ್ತಿಲ್ಲದವರೇನಲ್ಲ. ಊಟಕ್ಕೆ ಕೇಳಿ ಕಳಿಸಿದ್ದಕ್ಕೆ ನಾಬಾಲ ಹೀಯಾಳಿಸಿದ ಅಂತ ದಾವೀದ ಸಿಟ್ಟಿನಿಂದ 400 ಜನರನ್ನು ಕಟ್ಟಿಕೊಂಡು ಹೊರಟಾಗ ಅಬೀಗೈಲ 200 ರೊಟ್ಟಿ, ಅಂಜೂರ, ದ್ರಾಕ್ಷಿ ಎಲ್ಲ ಕತ್ತೆಗಳ ಮೇಲೆ ಹೇರಿಸಿಕೊಂಡು ಎದುರಿಗೆ ಹೋಗಿ ಅವನನ್ನು ತಡೆದಳು. ಮನೆಗೆ ಬಂದರೆ ಗಂಡ ಚೆನ್ನಾಗಿ ಕುಡಿದು ಔತಣದಲ್ಲಿ ಕೂತಿದ್ದ. ಆ ರಾತ್ರಿ ಅವಳು ಏನೂ ಹೇಳಲಿಲ್ಲ. ಬೆಳಿಗ್ಗೆ ಅಮಲು ಇಳಿದ ಮೇಲೆ ಎಲ್ಲವನ್ನೂ ಹೇಳಿದಳು. ಮುಚ್ಚಿಡಲಿಲ್ಲ ನೋಡಿ, ಕಾದಳು ಅಷ್ಟೇ.

ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸಬೇಕಲ್ಲ ಅಂತ ಯಾರಾದರೂ ಹೇಳಬಹುದು. ವಿಚಾರಣೆಯ ರಾತ್ರಿ ಕಾವಲಿನವನೊಬ್ಬ ಯೇಸುಸ್ವಾಮಿಗೆ ಹೊಡೆದಾಗ ಅವರು ತಿರುಗಿ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಹಾಗಂತ ಸುಮ್ಮನೂ ಇರಲಿಲ್ಲ. ನಾನು ತಪ್ಪು ಮಾತಾಡಿದ್ದರೆ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದರು (ಯೋಹಾನ 18:23). ಆ ಅಕ್ಕನನ್ನು ಕೇಳುವುದಕ್ಕೆ ನಿಮಗೆ ಇದಕ್ಕಿಂತ ಜಾಸ್ತಿ ಪರವಾನಗಿ ಬೇಕಾ? ಅವರು ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗಿ ಅಂತ ಮತ್ತಾಯ 18ರ 16ನೇ ವಚನವೇ ಹೇಳುತ್ತದೆ. ಪಾಸ್ಟರಮ್ಮನನ್ನು ಆಗ ಕರೆಯಿರಿ, ಅವರಿಗೂ ಒಂದು ಕೆಲಸ ಸಿಕ್ಕ ಹಾಗಾಗುತ್ತದೆ.

ಪ್ರಶ್ನೆ: ನನ್ನ ತಮ್ಮ ಕುಡಿಯುತ್ತಾನೆ. ನಮ್ಮ ಜೊತೆ ಇದ್ದಾಗ ದುಡ್ಡಿಗಾಗಿ ಅಮ್ಮನ ಮೇಲೆ ಎರಡು ಸಲ ಕೈ ಮಾಡಿದ. ಈಗ ಬೇರೆ ಇದ್ದಾನೆ. ಅಳುತ್ತಾ ಫೋನ್ ಮಾಡಿ, ತಪ್ಪಾಯಿತು, ಮನೆಗೆ ಸೇರಿಸಿಕೋ ಅಣ್ಣಾ ಅನ್ನುತ್ತಾನೆ. ಕ್ಷಮಿಸಿದ್ದೇನೆ. ಸೇರಿಸಿಕೊಳ್ಳದಿದ್ದರೆ ಅದು ಕ್ಷಮೆ ಹೇಗಾದೀತು? — ಮಂಗಳೂರು

ಉತ್ತರ: ಆಗುತ್ತದೆ. ರಾಜ ಸೌಲ ದಾವೀದನ ಮೇಲೆ ಈಟಿ ಎಸೆದವನು. ಏಂಗೆದಿಯ ಗುಹೆಯ ಹತ್ತಿರ ಒಮ್ಮೆ ಗಟ್ಟಿಯಾಗಿ ಅತ್ತ, ಮತ್ತೆ ಬೆನ್ನಟ್ಟಿಕೊಂಡು ಬಂದ. 1 ಸಮುವೇಲ 26ರಲ್ಲಿ ಅವನು ಮಲಗಿದ್ದಾಗ ದಾವೀದ ಕೊಲ್ಲಬಹುದಿತ್ತು, ಕೊಲ್ಲದೆ ತಲೆದೆಸೆಯಲ್ಲಿದ್ದ ಈಟಿ ಮತ್ತು ನೀರಿನ ತಂಬಿಗೆ ತೆಗೆದುಕೊಂಡು ಹೋದ. ಪಾಪ ಮಾಡಿದೆ, ವಾಪಸ್ ಬಾ ಮಗನೇ ಅಂತ ಸೌಲ ಕರೆದ. ದಾವೀದ ಏನು ಮಾಡಿದ? ಈಟಿ ಇಲ್ಲಿದೆ, ನಿಮ್ಮ ಆಳು ಒಬ್ಬ ಬಂದು ತೆಗೆದುಕೊಂಡು ಹೋಗಲಿ ಅಂದ. ತಾನೇ ಕೊಡುವುದಕ್ಕೆ ಹೋಗಲಿಲ್ಲ. ಅರಮನೆಗೂ ಹೋಗಲಿಲ್ಲ, ತನ್ನ ದಾರಿ ಹಿಡಿದ. ದ್ವೇಷ ಇರಲಿಲ್ಲ, ದೂರ ಇತ್ತು.

ತಮ್ಮನ ಫೋನ್ ಎತ್ತಿ. ಊಟಕ್ಕೆ ದುಡ್ಡು ಬೇಕು ಅಂದರೆ ದುಡ್ಡು ಕೊಡಬೇಡಿ, ಹೊರಗೆ ಸಿಕ್ಕು ಊಟವನ್ನೇ ಕೊಡಿಸಿ. ಕುಡಿತಕ್ಕೆ ಚಿಕಿತ್ಸೆ ತೆಗೆದುಕೊಳ್ಳುತ್ತಾನಾ ಕೇಳಿ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಗೆ ಸೇರಿಸುವ ಮಾತು ಅದಾದ ಮೇಲೆ, ಅದೂ ಅಮ್ಮ ಸರಿ ಅಂದರೆ ಮಾತ್ರ, ಏಟು ತಿಂದವರು ಅವರಲ್ವಾ. ಅವನು ಬಾಗಿಲಿಗೆ ಬಂದು ಗಲಾಟೆ ಮಾಡಿ ಕೈ ಎತ್ತಿದರೆ 112ಕ್ಕೆ ಕರೆ ಮಾಡಿ. ಅದರಲ್ಲಿ ಅವಿಶ್ವಾಸ ಏನೂ ಇಲ್ಲ. ಚಾವಟಿಯಿಂದ ಹೊಡೆಸುವುದಕ್ಕೆ ಕಟ್ಟಿದಾಗ ಪೌಲನೂ ತಾನು ರೋಮ್ ಪೌರ ಅಂತ ಹೇಳಿ ಕಾನೂನಿನ ಆಸರೆ ಹಿಡಿದ (ಅಪೊಸ್ತಲರ ಕೃತ್ಯಗಳು 22:25).

ಪ್ರಶ್ನೆ: ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಕಮಿಟಿಯವರನ್ನು ದಿನಾ ಕೆಣಕುತ್ತಾರೆ. ನಾನು ಖಜಾಂಚಿ. ಉತ್ತರ ಕೊಡಬೇಕಾ, ಬೇಡವಾ? — ಮೈಸೂರು

ಉತ್ತರ: ಮೂರ್ಖನಿಗೆ ಉತ್ತರ ಕೊಡಬೇಡ ಅಂತ ಜ್ಞಾನೋಕ್ತಿ 26:4 ಹೇಳುತ್ತದೆ. ಉತ್ತರ ಕೊಡು ಅಂತ 26:5. ಪಕ್ಕಪಕ್ಕದಲ್ಲೇ ಇವೆ, ಯಾವುದು ಯಾವಾಗ ಅಂತ ನೋಡಿಕೊಳ್ಳುವ ಕೆಲಸ ನಮಗೇ ಬಿಟ್ಟಿದ್ದು. ಬರೀ ಕೊಂಕಾದರೆ ಗ್ರೂಪನ್ನು ಮ್ಯೂಟ್ ಮಾಡಿ. ಕಾಣಿಕೆ ದುಡ್ಡು ಎಲ್ಲಿ ಹೋಯಿತು ಅಂತ ಕೇಳಿದರೆ ಮಾತ್ರ ಅದು ಕೆಣಕುವುದಲ್ಲ, ಎಷ್ಟೇ ಒರಟಾಗಿ ಕೇಳಿದರೂ ಅವರ ಹಕ್ಕು. ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ಮುಂದಿನ ಭಾನುವಾರ ಮೇಜಿನ ಮೇಲಿಟ್ಟು, ಬಂದು ನೋಡಿ ಅಂತ ಗ್ರೂಪಿನಲ್ಲೇ ಒಂದು ಸಾಲು ಹಾಕಿ.